ಒಂದು ಭಾಷಣ ಯಾಕೆ ನಾಟುತ್ತೆ ಅಂತ ಬಿಡಿಸಿ ನೋಡೋದು ಹೇಗೆ?

ಸಂಪಿಗೆ: ಎಲ್ರಿಗೂ ನಮಸ್ಕಾರ. ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ವಾಷಿಂಗ್ಟನ್‌ನಲ್ಲಿ ಮಾಡಿದ ‘ನನಗೊಂದು ಕನಸಿದೆ’ ಭಾಷಣದ ಬಗ್ಗೆ ಅಸೈನ್‌ಮೆಂಟ್ ಬರೀಬೇಕು. ಕೇಳಿದ್ರೆ ಮೈ ಜುಮ್ ಅನ್ನುತ್ತೆ, ಆದ್ರೆ ಬರೆಯೋಕೆ ಕೂತ್ರೆ ಧ್ವನಿ ಚೆನ್ನಾಗಿದೆ, ಕಾನ್ಫಿಡೆನ್ಸ್ ಇದೆ, ಭಾವನೆ ಇದೆ ಅನ್ನೋದು ಬಿಟ್ಟು ಮುಂದಕ್ಕೇ ಹೋಗ್ತಿಲ್ಲ. ಎಲ್ಲಿಂದ ಶುರು ಮಾಡ್ಲಿ?

ಹಳೆಪುಸ್ತಕ: ಧ್ವನಿ ಆಮೇಲೆ ನೋಡಿ. ಎದುರಿಗೆ ಯಾರಿದ್ರು, ಅವ್ರಿಗೆ ಮೊದಲೇ ಏನು ಗೊತ್ತಿತ್ತು ಅನ್ನೋದು ಮೊದಲು. ಕಿಂಗ್ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತಿದಾರೆ, ಅಧ್ಯಕ್ಷ ಲಿಂಕನ್ ಗುಲಾಮರ ಬಿಡುಗಡೆ ಘೋಷಣೆ ಮಾಡಿ 100 ವರ್ಷ, ಅದಕ್ಕೇ ಶುರುವಿನಲ್ಲೇ ಲಿಂಕನ್ ಮಾತಿನ ಧಾಟಿ ಹಿಡೀತಾರೆ. ಆಮೇಲೆ ಬರೋ ಚೆಕ್ಕಿನ ಮಾತು ನೋಡಿ, ದೇಶ ಕಪ್ಪು ಜನರಿಗೆ ಕೊಟ್ಟ ಚೆಕ್ಕು ಹಣ ಸಾಲದು ಅಂತ ವಾಪಸ್ ಬಂದಿದೆ, ಆದ್ರೆ ನ್ಯಾಯದ ಬ್ಯಾಂಕು ದಿವಾಳಿ ಆಗಿದೆ ಅಂತ ನಾವು ನಂಬಲ್ಲ ಅಂತಾರೆ. ಸಮಾನತೆ, ಹಕ್ಕು ಅಂತ ಹೇಳಿದ್ರೆ ತಲೆ ಆಡಿಸಿ ಮರೆತುಬಿಡಬಹುದು, ಬೌನ್ಸ್ ಆದ ಚೆಕ್ಕು ಅಂದ್ರೆ ಕೊಡಬೇಕಾದೋರು ಕೊಟ್ಟಿಲ್ಲ ಅಂತ ಯಾರಿಗಾದ್ರೂ ತಕ್ಷಣ ಅರ್ಥ ಆಗುತ್ತೆ, ಜೊತೆಗೆ ನಾವು ಬೇಡ್ತಾ ಇಲ್ಲ, ನಮ್ಮ ಬಾಕಿ ಕೇಳ್ತಿದೀವಿ ಅನ್ನೋ ವಾದಾನೂ ಅದ್ರಲ್ಲೇ ಇದೆ. ನನ್ ಪ್ರಕಾರ ಇಡೀ ಭಾಷಣದ ಬೆನ್ನೆಲುಬು ಕನಸಿನ ಭಾಗ ಅಲ್ಲ, ಇದೇ.

ದನಿಗೂಡು: ಚೆಕ್ಕಿನ ಬಗ್ಗೆ ಒಪ್ಪಿದೆ, ಆದ್ರೆ ಕನಸನ್ನ ಅಷ್ಟು ಸುಲಭಕ್ಕೆ ಪಕ್ಕಕ್ಕಿಡಬೇಡಿ. ಆ ಭಾಗ ಬರೆದುಕೊಂಡು ಬಂದಿದ್ದ ಪ್ರತಿಯಲ್ಲಿ ಇರ್ಲೇ ಇಲ್ಲ. ಹತ್ರ ಇದ್ದ ಗಾಯಕಿ ಮಹಾಲಿಯಾ ಜಾಕ್ಸನ್ ಕನಸಿನ ಬಗ್ಗೆ ಹೇಳು ಅಂತ ಕೂಗಿದ್ರು ಅಂತಾರೆ, ಅಲ್ಲಿಂದ ಕಿಂಗ್ ಪೇಪರ್ ಬಿಟ್ಟು ಮಾತಾಡಿದ್ರು. ಹಾಗಂತ ಅದು ಆ ಕ್ಷಣಕ್ಕೆ ಹುಟ್ಟಿದ್ದೂ ಅಲ್ಲ, ಅದೇ ವರ್ಷ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲೂ ಹೇಳಿದ್ರು, ಯಾವ ಸಾಲಿಗೆ ಜನ ಹೇಗೆ ಸ್ಪಂದಿಸ್ತಾರೆ ಅಂತ ಗೊತ್ತಿತ್ತು. ಕೇಳೋನಿಗೆ ಪುಟ ಹಿಂದಕ್ಕೆ ತಿರುಗಿಸೋಕೆ ಆಗಲ್ವಲ್ಲ, ಅದಕ್ಕೇ ‘ನನಗೊಂದು ಕನಸಿದೆ’ ಅನ್ನೋ ಒಂದೇ ಸಾಲು ಮತ್ತೆ ಮತ್ತೆ ಬರುತ್ತೆ, ಆದ್ರೆ ಪ್ರತಿ ಸಲ ಅದ್ರ ಹಿಂದೆ ಹೊಸ ಚಿತ್ರ ಇರುತ್ತೆ, ಜಾರ್ಜಿಯಾದ ಬೆಟ್ಟ, ಮಿಸಿಸಿಪ್ಪಿ, ಅವ್ರ ನಾಲ್ಕು ಮಕ್ಕಳು. ಬರೀ ರಿಪೀಟ್ ಮಾಡಿದ್ರೆ ಬೋರ್ ಹೊಡೆಯುತ್ತೆ.

ಸಂಪಿಗೆ: ತುಂಬಾ ಥ್ಯಾಂಕ್ಸ್ ಇಬ್ರಿಗೂ! ಇನ್ನೊಂದು ಡೌಟು, ಚಿಕ್ಕದಾಗಿದ್ರೆ ಪರಿಣಾಮ ಜಾಸ್ತಿ ಅಂತಾರಲ್ಲ, ಅದನ್ನೂ ಬರೀಲಾ?

ಹಳೆಪುಸ್ತಕ: ಅದನ್ನ ನಿಯಮ ಮಾಡ್ಬೇಡಿ. 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ, ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನದ ಸಮಾರಂಭದಲ್ಲಿ, ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದ್ರು, ಲಿಂಕನ್ ಎರಡೇ ನಿಮಿಷ. ಮಾರನೇ ದಿನ ಎವರೆಟ್ ಅವ್ರೇ, ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿನ ಹತ್ರ ನಾನು ಎರಡು ಗಂಟೇಲಿ ಬಂದಿದ್ರೂ ಸಾಕಿತ್ತು ಅನ್ನೋ ಅರ್ಥದಲ್ಲಿ ಪತ್ರ ಬರೆದ್ರು. ಆದ್ರೆ ಕಿಂಗ್ ಸುಮಾರು 17 ನಿಮಿಷ ಮಾತಾಡಿದಾರೆ, ಅದನ್ನ ಎರಡು ನಿಮಿಷಕ್ಕೆ ಕತ್ತರಿಸಿದ್ರೆ ಆ ಏರಿಕೆನೇ ಸಿಗಲ್ಲ. ಮುಖ್ಯ ವಿಚಾರಕ್ಕೆ ಸೇರದ ಸಾಲು ಎಷ್ಟಿದೆ ಅಂತ ನೋಡಿ, ಉದ್ದ ಅಲ್ಲ.

ದನಿಗೂಡು: ಒಂದು ಕೆಲ್ಸ ಮಾಡಿ, ಪಠ್ಯ ಪ್ರಿಂಟ್ ತಗೊಂಡು ರೆಕಾರ್ಡಿಂಗ್ ಕೇಳ್ತಾ ಅವ್ರು ನಿಲ್ಲಿಸೋ ಕಡೆ ಒಂದು ಗೆರೆ, ಜನ ದನಿಗೂಡಿಸೋ ಕಡೆ ಇನ್ನೊಂದು ಗುರುತು ಹಾಕಿ. ಆ ಎರಡೂ ಒಟ್ಟಿಗೆ ಬೀಳೋ ಸಾಲುಗಳನ್ನ ಇಲ್ಲಿ ಹಾಕಿ, ಕೂತು ನೋಡೋಣ.