ಮಗುವಿನ ಮಂಚದ ಮೂಲೆಗಳು ಅಲುಗಾಡುತ್ತಿವೆ: ಯಾವ ಸಂದು ಗಟ್ಟಿ?

ಶಿರಸಿ_ಮರಗೆಲಸ: ತಂಗಿಯ ಮಗುವಿಗೆಂದು ಎರಡು ತಿಂಗಳು ಕುಳಿತು ಮಾಡಿದ ಕಟಕಟೆಯ ಮಂಚದ ನಾಲ್ಕೂ ಮೂಲೆಗಳು ಎರಡನೆಯ ಸಲ ಸಡಿಲಗೊಂಡಿವೆ. ಒಳ್ಳೆಯ ಅಂಟನ್ನೇ ಹಾಕಿ ರಾತ್ರಿಯಿಡೀ ಕ್ಲಾಂಪ್ ಬಿಗಿದಿದ್ದೆ. ಮಗು ಈಗ ಎದ್ದು ನಿಂತು ಕಟಕಟೆ ಹಿಡಿದು ಜಗ್ಗುತ್ತದೆ. ಅದನ್ನು ಅಲ್ಲಿ ಮಲಗಿಸಲು ನನಗೆ ಧೈರ್ಯವಿಲ್ಲ. ಯಾವ ಸಂದು ಹಾಕಲಿ?

ಹಳೇ_ಕೀಸುಳಿ: ಮರ ಹಸಿಯಾಗಿದೆ. ಹಸಿ ಹಲಗೆ ಒಣಗುತ್ತಾ ಅಗಲದಲ್ಲಿ ಕುಗ್ಗಿದಾಗ ಎಂಥ ಸಂದೂ ಬಾಯಿ ಬಿಡುತ್ತದೆ.

ಶಿರಸಿ_ಮರಗೆಲಸ: ಹಸಿಯಲ್ಲ ಸರ್, ಅಜ್ಜನ ಮನೆಯ ಬಾಗಿಲ ಚೌಕಟ್ಟಿನ ತೇಗ.

ಹಳೇ_ಕೀಸುಳಿ: ಹಳೆಯ ತೇಗವೂ ಮಲೆನಾಡಿನ ಮಳೆಗಾಲದಲ್ಲಿ ತೇವ ಹೀರುತ್ತದೆ. ಮೊದಲು ತೇವಾಂಶ ಅಳೆಯಿರಿ. ನಾನಾಗಿದ್ದರೆ ಹಲಸನ್ನೇ ಆರಿಸುತ್ತಿದ್ದೆ. ನನ್ನ ಮೊಮ್ಮಗನ ತೊಟ್ಟಿಲು ಹಲಸಿನದೇ.

ಕರಾವಳಿ_ಉಳಿ: ಮಂಚವಾಗಲೇ ತೇಗದಲ್ಲಿ ಆಗಿರುವಾಗ ಹಲಸಿನ ಮಾತೇಕೆ? ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ, ಹೊಸದಾಗಿ ಕೀಸಿ, ಅಸಿಟೋನ್‌ನಿಂದ ಒರೆಸಿ, ಕೂಡಲೇ ಅಂಟು ಹಚ್ಚಬೇಕು. ಅದಿರಲಿ, ಈಗಿರುವ ಸಂದು ಯಾವುದು?

ಶಿರಸಿ_ಮರಗೆಲಸ: ಹೇಳಿದ್ದೇನೆಂದುಕೊಂಡಿದ್ದೆ, ಕ್ಷಮಿಸಿ. 25 ಮಿ.ಮೀ. ದಪ್ಪದ ಅಡ್ಡಪಟ್ಟಿಯ ತುದಿಯನ್ನು 50 ಮಿ.ಮೀ. ಕಾಲಿಗೆ ನೇರ ತಾಗಿಸಿ, ಒಂದರ ಕೆಳಗೊಂದರಂತೆ 8 ಮಿ.ಮೀ.ನ ಎರಡು ಡೊವೆಲ್ (ಮರದ ದುಂಡು ಗೂಟ) ಹಾಕಿದ್ದೇನೆ.

ಕರಾವಳಿ_ಉಳಿ: ತೊಂದರೆ ಅಲ್ಲಿಯೇ ಇದೆ. ಅಡ್ಡ ಕೊಯ್ದ ತುದಿ ಅಂಟನ್ನು ಹೀರಿಕೊಳ್ಳುತ್ತದೆಯೇ ಹೊರತು ಗಟ್ಟಿಯಾಗಿ ಹಿಡಿಯುವುದಿಲ್ಲ. ಮಗು ಜಗ್ಗಿದಾಗಲೆಲ್ಲ ಭಾರವೆಲ್ಲ ಆ ಎರಡು ಡೊವೆಲ್‌ಗಳ ಮೇಲೆಯೇ ಬೀಳುತ್ತದೆ. ಮಾರ್ಟಿಸ್-ಟೆನನ್ ಸಂದು ಹಾಕಿ, ಅಂದರೆ ಒಂದು ಮರದ ನಾಲಿಗೆ ಇನ್ನೊಂದರ ಗುಳಿಯೊಳಗೆ ಕೂರುವಂಥದ್ದು. ಆದರೆ ಪಟ್ಟಿಯ ತುದಿಯಲ್ಲೇ ನಾಲಿಗೆ ಕೊಯ್ದರೆ ಮಂಚ ಗಿಡ್ಡವಾಗುವುದರಿಂದ, ಹಳೆಯ ಡೊವೆಲ್‌ಗಳನ್ನು ಕೊರೆದು ತೆಗೆದು, ಆ ತೂತುಗಳನ್ನೇ ಕೂಡಿಸಿ ಪಟ್ಟಿಯಲ್ಲೂ ಕಾಲಿನಲ್ಲೂ 8 ಮಿ.ಮೀ. ಅಗಲದ ಗುಳಿ ಮಾಡಿ, ಬಿಡಿ ನಾಲಿಗೆಯೊಂದನ್ನು ಬಿಗಿಯಾಗಿ ಕೂರಿಸಿ. ಪಟ್ಟಿಯ ದಪ್ಪದ ಮೂರನೆಯ ಒಂದು ಭಾಗ ನಾಲಿಗೆಗೆ ಸಾಕು. ಒಂದೇ ಕಾಲಿಗೆ ಎರಡು ಕಡೆಯಿಂದ ಗುಳಿ ಬರುವಲ್ಲಿ ನಾಲಿಗೆಗಳ ತುದಿಯನ್ನು 45 ಡಿಗ್ರಿ ಓರೆಗೆ ಕೊಯ್ದರೆ ಎರಡಕ್ಕೂ ಆಳ ಸಿಗುತ್ತದೆ.

ಹಳೇ_ಕೀಸುಳಿ: ಒಪ್ಪಿದೆ, ಆದರೂ ತೇವಾಂಶ ಅಳೆಯಿರಿ. ಕಟಕಟೆಯ ಕಡ್ಡಿಗಳ ನಡುವಿನ ಅಂತರ ಎಷ್ಟು? ಅಮೆರಿಕದ ನಿಯಮದಂತೆ ಅದು ಸುಮಾರು 60 ಮಿ.ಮೀ. ದಾಟಬಾರದು, ದಾಟಿದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು.

ಶಿರಸಿ_ಮರಗೆಲಸ: ಈಗಷ್ಟೇ ಅಳೆದೆ, 75 ಇದೆ. ಹೇಗೂ ಮೂಲೆಗಳನ್ನು ಬಿಚ್ಚುತ್ತಿದ್ದೇನೆ, ಕಡ್ಡಿಗಳನ್ನೂ ಹೊಸದಾಗಿ ಕೂರಿಸುತ್ತೇನೆ. ಅಲ್ಲಿಯವರೆಗೆ ಮಗು ನೆಲದ ಹಾಸಿಗೆಯಲ್ಲಿ ಮಲಗಲಿ.