ಅಪ್‌ಡೇಟ್: ಸರ್ಟಿಫೈಡ್ ಕೇಬಲ್‌ಗೆ ಹೆಚ್ಚು ದುಡ್ಡು ಕೊಡಬೇಕೇ?

ಫೋನ್ ಚಾರ್ಜ್ ಮಾಡಲು ಅಗ್ಗದ ಕೇಬಲ್ ಸಿಗುವಾಗ, ಗುಣಮಟ್ಟದ ಪರೀಕ್ಷೆಯಲ್ಲಿ ಪಾಸಾದ ಸರ್ಟಿಫೈಡ್ ಕೇಬಲ್‌ಗೆ ಮೂರು ಪಟ್ಟು ಕೊಡುವುದು ಸರಿಯೇ ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ: ಕೇಬಲ್‌ನ ಎರಡು ತುದಿಗಳಲ್ಲಿ ಏನಿದೆ ಎಂದು ನೋಡಿ ನಿರ್ಧರಿಸಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಒಂದು ಕಡೆ ಹಳೆಯ ಯುಎಸ್‌ಬಿ-ಎ, ಇನ್ನೊಂದು ಕಡೆ ಟೈಪ್-ಸಿ ಇರುವ ಕೇಬಲ್‌ನಲ್ಲಿ. ಅದರೊಳಗೆ, ಎಷ್ಟು ಕರೆಂಟ್ ಎಳೆಯಬಹುದು ಎಂದು ಫೋನಿಗೆ ತಿಳಿಸುವ 56 ಕಿಲೋಓಮ್ ರೆಸಿಸ್ಟರ್ ಇರಲೇಬೇಕು. ಕೆಲವು ಕಳಪೆ ಕೇಬಲ್‌ಗಳಲ್ಲಿ 10 ಕಿಲೋಓಮ್ ಇರುತ್ತದೆ. ಆಗ ಫೋನ್ 3 ಆಂಪಿಯರ್ ಸಿಗುತ್ತದೆಂದು ತಿಳಿದು ಎಳೆಯುತ್ತದೆ, ಅಷ್ಟು ಕೊಡಲಾರದ ಲ್ಯಾಪ್‌ಟಾಪ್ ಪೋರ್ಟ್ ಹಾಳಾಗಬಹುದು. ಹೊರಗಿನಿಂದ ಇದು ಗೊತ್ತೇ ಆಗುವುದಿಲ್ಲ. ಇಲ್ಲಿ ಹೆಚ್ಚಿನ ದುಡ್ಡು ಖಂಡಿತ ಸಾರ್ಥಕ.

ಎರಡೂ ಕಡೆ ಟೈಪ್-ಸಿ ಇದ್ದು ಫೋನಿಗೆ ಮಾತ್ರವಾದರೆ 60 ವ್ಯಾಟಿನ ಸಾಧಾರಣ ಸರ್ಟಿಫೈಡ್ ಕೇಬಲ್ ಸಾಕು. 5 ಆಂಪಿಯರ್ ಬೇಕಾದರೆ ಕೇಬಲ್ ಎಷ್ಟು ಕರೆಂಟ್ ಸಾಗಿಸಬಲ್ಲದು ಎಂದು ತಿಳಿಸುವ ಇ-ಮಾರ್ಕರ್ ಚಿಪ್ ಅದರಲ್ಲಿ ಇರಬೇಕು. 240 ವ್ಯಾಟಿನದು ಫೋನಿಗೆ ದಂಡ.

ಚಾರ್ಜಿಂಗ್ ನಿಧಾನವಾಗಲು ತೆಳು ತಂತಿಯೂ ಕಾರಣ. 28 ಗೇಜಿನ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು) 1 ಮೀಟರ್ ಕೇಬಲ್‌ನಲ್ಲಿ 2 ಆಂಪಿಯರ್ ಹರಿದರೆ ಹೋಗಿಬರುವಷ್ಟರಲ್ಲಿ ಸುಮಾರು 0.85 ವೋಲ್ಟ್ ಕಳೆದುಹೋಗುತ್ತದೆ. 24 ಗೇಜಿನಲ್ಲಿ ಸುಮಾರು 0.34 ಮಾತ್ರ.

ಐಫೋನ್ 14 ಮತ್ತು ಹಿಂದಿನ ಲೈಟ್ನಿಂಗ್ (ಆಪಲ್‌ನ ಹಳೆಯ ಚಾರ್ಜಿಂಗ್ ಪೋರ್ಟ್) ಮಾದರಿಗಳಿಗೆ ಎಂಎಫ್‌ಐ, ಅಂದರೆ ಆಪಲ್ ಒಪ್ಪಿಗೆಯ ಗುರುತು ನೋಡಿ. ಫೋನ್ ಕಂಪನಿಯದೇ ವಿಶೇಷ ಫಾಸ್ಟ್ ಚಾರ್ಜಿಂಗ್ ಇದ್ದರೆ ಡಬ್ಬಿಯಲ್ಲಿ ಬಂದ ಕೇಬಲ್ಲೇ ಮೇಲು; ಸರ್ಟಿಫೈಡ್ ಆದರೂ ಬೇರೆಯದರಲ್ಲಿ ಪೂರ್ತಿ ವೇಗ ಸಿಗದೇ ಇರಬಹುದು.