ರೆಪ್ಲಿಕಾ ಕಾರಿಗೆ ಕನ್ನಡದಲ್ಲಿ ಏನನ್ನೋಣ? (ಗುರುವಾರದೊಳಗೆ ಬೇಕು)

ಫ್ರೀಮಾಂಟ್, ಕ್ಯಾಲಿಫೋರ್ನಿಯಾದಿಂದ:

ಗೆಳೆಯರೇ, ಒಂದು ಪದ ಬೇಕು. ಸ್ವಲ್ಪ ಅರ್ಜೆಂಟು.

ಶನಿವಾರ ನಮ್ಮೂರಿನ ಕನ್ನಡಿಗರ ರಾಜ್ಯೋತ್ಸವ. ಹಾಲ್ ಮುಂದೆ ನಿಮ್ಮ ಕಾರು ತಂದು ನಿಲ್ಲಿಸಿ ಅಂತ ಸಮಿತಿಯವರು ಕೇಳಿದ್ದಾರೆ. ಬೋರ್ಡ್ ಮಾತ್ರ ಪೂರ್ತಿ ಕನ್ನಡದಲ್ಲೇ ಇರಬೇಕಂತೆ. ಗುರುವಾರ ರಾತ್ರಿಯೊಳಗೆ ಪ್ರಿಂಟಿಗೆ ಕಳಿಸಬೇಕು.

ಕಾರು 1965ರ ಕೋಬ್ರಾ 427 ಅನ್ನುವ ಸ್ಪೋರ್ಟ್ಸ್ ಕಾರಿನ ರೆಪ್ಲಿಕಾ, ಅಂದರೆ ಅದನ್ನು ನೋಡಿ ಅದೇ ಥರ ಮಾಡಿದ್ದು. ಮನೆ ಗ್ಯಾರೇಜಿನಲ್ಲಿ ನಾನು, ನನ್ನ ಮಗಳು ಸೇರಿ ಕಟ್ಟಿದ್ದು. ಮ್ಯಾಸಚೂಸೆಟ್ಸ್‌ನಿಂದ ಕಿಟ್ ತರಿಸಿದೆವು. ಉಕ್ಕಿನ ಕೊಳವೆ ಬೆಸೆದ ಚಾಸಿ, ಫೈಬರ್‌ಗ್ಲಾಸ್ ಬಾಡಿ, ಪೆಟ್ಟಿಗೆಗಟ್ಟಲೆ ನಟ್ಟು ಬೋಲ್ಟು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲ ಒಂದು ಹಳೇ ಫೋರ್ಡ್ ಮಸ್ಟಾಂಗ್ ಕಾರು ಬಿಚ್ಚಿ ತೆಗೆದದ್ದು. ಒಳಗಿನ ಅಲ್ಯೂಮಿನಿಯಂ ತಗಡುಗಳಿಗೆ ಅಳತೆ ನೋಡಿ ತೂತು ಕೊರೆದು, ಅಂಚಿಗೆ ಸಿಲಿಕೋನ್ ಎಳೆದು, ಒಂದೊಂದಾಗಿ ರಿವೆಟ್ ಹೊಡೆದು ಕೂರಿಸಿದೆವು. ರಿವೆಟ್ ಗನ್ ಹಿಡಿದೂ ಹಿಡಿದೂ ಮಗಳ ಅಂಗೈ ಬೊಬ್ಬೆ ಎದ್ದಿತ್ತು.

ಈಗ ಪದದ ಕಥೆ. ‘ಪ್ರತಿಕೃತಿ’ ಅಂತ ಬರೆಯೋಣ ಅಂದರೆ, ನಮ್ಮ ಪೇಪರುಗಳಲ್ಲಿ ಪ್ರತಿಕೃತಿ ಅಂದ ತಕ್ಷಣ ಮುಂದಿನ ಪದ ‘ದಹನ’. ಕಾರಿನಲ್ಲಿ ಪೆಟ್ರೋಲ್ ಬೇರೆ ಇರುತ್ತದೆ. ‘ನಕಲು’ ಅಂದರೆ ಪರೀಕ್ಷೆ ಹಾಲ್, ‘ನಕಲಿ’ ಅಂದರೆ ಪೊಲೀಸ್ ಸ್ಟೇಷನ್. ‘ಮಾದರಿ’ ಅಂದರೆ ಷೋಕೇಸಿನ ಆಟದ ಕಾರೂ ಆಯಿತು, ಯಾವ ಮಾಡೆಲ್ ಅನ್ನುವುದೂ ಆಯಿತು. ಇದು ನಿಜವಾದ ಅಳತೆಯ, ರಸ್ತೆ ಮೇಲೆ ಓಡುವ ಕಾರು. ಮೋಸ ಮಾಡೋಕೆ ಮಾಡಿದ್ದಲ್ಲ. ಆ ಎರಡೂ ಗೊತ್ತಾಗಬೇಕು.

ಆಗುವುದಾದರೆ ‘ಕಿಟ್’, ‘ಡೋನರ್ ಕಾರ್’ (ಭಾಗಗಳಿಗಾಗಿ ಬಿಚ್ಚಿದ ಆ ಮಸ್ಟಾಂಗಿನಂಥದ್ದು) ಎರಡಕ್ಕೂ ಪದ ಹೇಳಿ. ಬಾಡಿ ಹಾಕುವ ಮೊದಲು ಬರೀ ಚಾಸಿ ಮೇಲೆ ಸೀಟು ಬಿಗಿದುಕೊಂಡು ಬೀದಿಯಲ್ಲಿ ಒಂದು ಸುತ್ತು ಹೋಗುತ್ತೇವಲ್ಲ, ಇಲ್ಲಿನವರು ಅದನ್ನು ‘ಗೋ-ಕಾರ್ಟ್’ ಅನ್ನುತ್ತಾರೆ. ಫೋಟೋ ಇದೆ. ಅದಕ್ಕೂ ಒಂದು ಸಾಲು ಬೇಕು.

ಶಿವಮೊಗ್ಗದಿಂದ:

ಪಡಿಯಚ್ಚು. ‘ಅಪ್ಪನ ಪಡಿಯಚ್ಚು’ ಅಂತ ಜನ ಇವತ್ತಿಗೂ ಆಡುತ್ತಾರೆ. ಅಚ್ಚಗನ್ನಡ. ಕೈಯಲ್ಲೇ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯುವುದು ಯಾಕೆ? ಕಿಟ್‌ಗೆ ‘ಕಟ್ಟು’. ಚರ್ಚೆ ಇಲ್ಲಿಗೆ ಮುಗಿಯಲಿ.

ಧಾರವಾಡದಿಂದ:

ಮುಗಿಯುವುದಿಲ್ಲ, ಕ್ಷಮಿಸಿ. ಪಡಿಯಚ್ಚಿನ ‘ಪಡಿ’ ಯಾವುದು? ಪ್ರತಿಹಾರ ಪಡಿಹಾರ ಆದ ಹಾಗೆ ಪ್ರತಿಯೇ ಪಡಿ ಆದದ್ದು. ಪಡಿನೆಳಲು, ಪಡಿದನಿ ಎಲ್ಲದರಲ್ಲೂ ಕೂತಿರುವುದು ಅದೇ. ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿದ್ದಮೇಲೆ ‘ಪ್ರತಿರೂಪ’ ಏನು ಪಾಪ ಮಾಡಿತ್ತು? ಓದಿದ ಕೂಡಲೇ ಅರ್ಥ ಆಗುತ್ತದೆ. ಬೆಂಕಿಯ ನೆನಪೂ ಬರುವುದಿಲ್ಲ.

ಇನ್ನು ‘ಅಚ್ಚಗನ್ನಡ’ದ ‘ಅಚ್ಚ’ ಎಲ್ಲಿಯದು ಅಂತ ಶಿವಮೊಗ್ಗದವರು ಒಮ್ಮೆ ನಿಘಂಟು ತೆಗೆದು ನೋಡಲಿ.

ಬೆಂಗಳೂರು, ಜೆ.ಸಿ. ರಸ್ತೆಯಿಂದ:

ಸರ್, ನಾನು ಸ್ಪೇರ್ ಪಾರ್ಟ್ಸ್ ಅಂಗಡಿಯವನು. ವ್ಯಾಕರಣ ಗೊತ್ತಿಲ್ಲ. ನಮ್ಮ ರಸ್ತೆಯಲ್ಲಿ ಇದಕ್ಕೆಲ್ಲ ಹೆಸರಿದೆ. ಕಂಪನಿಯದೇ ಮಾಲಾದರೆ ಒರಿಜಿನಲ್ಲು. ಬೇರೆಯವರು ಅದೇ ಅಳತೆಗೆ ಮಾಡಿದ್ದು ಲೋಕಲ್ಲು. ಕಂಪನಿ ಡಬ್ಬದಲ್ಲಿ ಲೋಕಲ್ ತುಂಬಿದರೆ ಡೂಪ್ಲಿಕೇಟು. ಲೋಕಲ್ ಕೆಟ್ಟದ್ದೇನಲ್ಲ, ಎಷ್ಟೋ ಸಲ ಜಾಸ್ತಿ ಬಾಳಿಕೆ ಬರುತ್ತೆ. ನಿಮ್ಮ ಕಾರು ನಮ್ಮ ಲೆಕ್ಕದಲ್ಲಿ ಲೋಕಲ್ಲು, ಡೂಪ್ಲಿಕೇಟ್ ಅಲ್ಲ. ಬೋರ್ಡ್ ಮೇಲೆ ಚೆನ್ನಾಗಿ ಕಾಣಲ್ಲ ಅಷ್ಟೇ.

‘ಕಟ್ಟಿದ್ದು’ ಅಂತ ನೀವೇ ಬರೆದಿದ್ದೀರಿ ನೋಡಿ. ನಾವೂ ಲಾರಿಗೆ, ಬಸ್ಸಿಗೆ ಬಾಡಿ ‘ಕಟ್ಟಿಸೋದು’ ಅಂತಲೇ ಅನ್ನೋದು. ಡೋನರ್‌ಗೆ ಪದ ಯಾಕೆ ಬೇಕು? ಬಿಚ್ಚೋ ಗಾಡಿ.

ಒಂದು ಮಾತು. ಇದನ್ನೆಲ್ಲ ಇಲ್ಲಿ ಮಾಡೋಕೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿಯ ಮೂಲ ಸ್ಪೆಸಿಫಿಕೇಷನ್ ಬದಲಾಗುವ ಹಾಗೆ ಗಾಡಿ ತಿದ್ದಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಗ್ಯಾರೇಜಿನಲ್ಲಿ ಹೊಸದಾಗಿ ಕಾರೇ ಕಟ್ಟಿ ತಗೊಂಡು ಹೋದರೆ ಆರ್‌ಟಿಓದವರು ಟೀ ಕೊಟ್ಟು ಕಳಿಸ್ತಾರೆ, ನಂಬರ್ ಕೊಡಲ್ಲ.

ಶಿವಮೊಗ್ಗದಿಂದ:

ಧಾರವಾಡದವರಿಗೆ: ಪಡಿ ಸಾವಿರ ವರ್ಷ ಕನ್ನಡದ ನಾಲಗೆ ಮೇಲೆ ಹೊರಳಾಡಿ ಕನ್ನಡವೇ ಆಗಿದೆ. ಅಚ್ಚಗನ್ನಡದಲ್ಲೇ ಕಾವ್ಯ ಬರೆದ ಆಂಡಯ್ಯ ಸಂಸ್ಕೃತದ ತತ್ಸಮ ಬಿಟ್ಟನೇ ಹೊರತು ತದ್ಭವ ಬಿಡಲಿಲ್ಲ. ನನ್ನ ತಕರಾರು ಹುಟ್ಟಿನ ಬಗ್ಗೆ ಅಲ್ಲ, ಉಚ್ಚಾರದ ಬಗ್ಗೆ. ‘ಪ್ರತಿರೂಪ’ ಎಷ್ಟು ಜನರ ಬಾಯಲ್ಲಿ ‘ಪತಿರೂಪ’ ಆಗುತ್ತೆ ಗೊತ್ತಾ? ಕಾರಿನ ಮುಂದೆ ಆ ಬೋರ್ಡ್ ಇಟ್ಟುಕೊಂಡು ನಿಲ್ಲಲಿ ಪಾಪ ಅವರು.

ಧಾರವಾಡದಿಂದ:

ಏನ್ರೀ ಇದು. ಮೊನ್ನೆ ‘ಮಹಾಪ್ರಾಣ ಬೇಡ’ ಅಂದಿರಿ, ಇವತ್ತು ರಕಾರದೊತ್ತೂ ಬೇಡ. ನಾಳೆ ಏನು ಉಳಿಯುತ್ತದೆ? ‘ಪಡಿಯಚ್ಚು’ ಹಾಕಿದರೂ ತೊಂದರೆ ಇದೆ. ಗಾಡಿಯ ಸಂದರ್ಭದಲ್ಲಿ ಅಚ್ಚು ಅಂದರೆ ಇರಚಿ. ಎರಡು ಗಾಲಿಯ ನಡುವಿನದು. ಹಳ್ಳಿಯಿಂದ ಬಂದ ಹಿರಿಯರು ಯಾರಾದರೂ ಓದಿದರೆ ‘ಬದಲಿ ಅಚ್ಚು ಹಾಕಿಸಿದ್ದಾರೆ’ ಅಂದುಕೊಳ್ಳುತ್ತಾರೆ. ಫ್ರೀಮಾಂಟ್‌ನವರು ಮಸ್ಟಾಂಗಿನಿಂದ ಹಿಂದಿನ ಅಚ್ಚು ತೆಗೆದು ಹಾಕಿದ್ದು ನಿಜವೇ ಅಲ್ವಾ. ಅರ್ಥ ಪೂರ್ತಿ ತಪ್ಪೂ ಆಗುವುದಿಲ್ಲ, ಅದೇ ಕಷ್ಟ.

ಕಾವೆಂಟ್ರಿಯಿಂದ:

ಎರಡು ದಿನದಿಂದ ಓದುತ್ತಾ ಇದ್ದೇನೆ. ವಸ್ತು ಯಾವುದು ಅಂತ ತೀರ್ಮಾನ ಆಗದೆ ಹೆಸರಿಡೋಕೆ ಕೂತಿದ್ದೀರಿ.

‘ರೆಪ್ಲಿಕಾ’ ಇಟಾಲಿಯನ್ ಪದ. ಚಿತ್ರ, ಶಿಲ್ಪದವರು ಕಟ್ಟುನಿಟ್ಟಾಗಿ ಬಳಸುವಾಗ, ಮೂಲ ಮಾಡಿದ ಕಲಾವಿದನೇ ತನ್ನ ಕೈಯಾರೆ ಮತ್ತೊಂದು ಮಾಡಿದರೆ ಮಾತ್ರ ಅದು ರೆಪ್ಲಿಕಾ. ಬೇರೆಯವರು ಮಾಡಿದ್ದು ಬರೀ ಕಾಪಿ. ಆ ಲೆಕ್ಕದಲ್ಲಿ ಫ್ರೀಮಾಂಟ್‌ನವರ ಕಾರು ರೆಪ್ಲಿಕಾ ಅಲ್ಲವೇ ಅಲ್ಲ. ಮೂಲ ಕೋಬ್ರಾ ತಂದ ಕ್ಯಾರಲ್ ಶೆಲ್ಬಿ ತಾನೇ ಎಷ್ಟೋ ವರ್ಷಗಳ ಮೇಲೆ ಸಿಎಸ್‌ಎಕ್ಸ್ 4000ರ ಸಾಲಿನ ಚಾಸಿ ನಂಬರು ಹಾಕಿ ಮತ್ತೆ ಕೋಬ್ರಾ ಮಾರಿದನಲ್ಲ, ಅವಕ್ಕೆ ‘ಕಂಟಿನ್ಯುಯೇಷನ್’ ಅನ್ನುತ್ತಾರೆ. ನಮ್ಮ ದೇವಸ್ಥಾನದ ಭಾಷೆಯಲ್ಲಿ ಹೇಳುವುದಾದರೆ 1960ರ ದಶಕದ್ದು ಮೂಲ ವಿಗ್ರಹ, ಇವು ಉತ್ಸವಮೂರ್ತಿ. ಅಧಿಕಾರ ಇದೆ, ಆದರೆ ಗರ್ಭಗುಡಿಯದಲ್ಲ. ಗ್ಯಾರೇಜಿನದು ಈ ಎರಡೂ ಅಲ್ಲ.

ಇನ್ನು ‘ಮೂಲ’ ಅನ್ನುವುದಾದರೂ ಎಲ್ಲಿದೆ? ಲಂಡನ್ ಹತ್ತಿರದ ಥೇಮ್ಸ್ ಡಿಟ್ಟನ್‌ನಲ್ಲಿ ಎಸಿ ಅನ್ನುವ ಕಂಪನಿ 1953ರಲ್ಲಿ ‘ಏಸ್’ ಅಂತ ಒಂದು ಕಾರು ತಂದಿತು. ಚಾಸಿಯ ವಿನ್ಯಾಸ ಜಾನ್ ತೊಹೇರೋನದು. ಮೈಯ ಆಕಾರ ಫೆರಾರಿ 166 ಬಾರ್ಕೆಟ್ಟಾ ನೋಡಿ ಮಾಡಿದ್ದು. ಆಮೇಲೆ ಅದಕ್ಕೆ ಬ್ರಿಸ್ಟಲ್ ಎಂಜಿನ್ ಬಂತು. ಆ ಎಂಜಿನ್ನಿನ ಬೇರು ಬಿಎಂಡಬ್ಲ್ಯೂ 328ರಲ್ಲಿದೆ. ಬ್ರಿಸ್ಟಲ್‌ನವರು ಎಂಜಿನ್ ಮಾಡುವುದು ನಿಲ್ಲಿಸಿದ ಮೇಲೆ ಶೆಲ್ಬಿ ಅಮೆರಿಕದಿಂದ ಎಸಿಯವರಿಗೆ ಕಾಗದ ಬರೆದ. 1962ರಲ್ಲಿ ಫೋರ್ಡ್ ವಿ8 ಎಂಜಿನ್ ಇಳಿಸಿ ಕೋಬ್ರಾ ಅಂದ. ಆಗ ಆದದ್ದು ಸುಮಾರು ಒಂದು ಸಾವಿರ ಕಾರು. ಮೊದಲನೆಯದು, ಸಿಎಸ್‌ಎಕ್ಸ್ 2000, 2016ರ ಹರಾಜಿನಲ್ಲಿ 1 ಕೋಟಿ 37 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. ಇಟಲಿಯ ಮೈ, ಇಂಗ್ಲೆಂಡಿನ ಎಲುಬು, ಡೆಟ್ರಾಯ್ಟ್ ಎಂಜಿನ್. ಇದನ್ನೇ ಎಲ್ಲರೂ ಶುದ್ಧ ಅಮೆರಿಕನ್ ಕಾರು ಅನ್ನುತ್ತಾರೆ. ತತ್ಸಮ, ತದ್ಭವ, ದೇಶ್ಯ ಅಂತ ಜಗಳ ಆಡುತ್ತಿರುವ ಇಬ್ಬರೂ ಇದನ್ನು ನಿಧಾನವಾಗಿ ಓದಬೇಕಾಗಿ ಕೋರಿಕೆ.

ಕಿಟ್ ಬಗ್ಗೆ. ಇಂಗ್ಲೆಂಡಿನಲ್ಲಿ ಆಗ ಪೂರ್ತಿ ಕಾರು ಕೊಂಡರೆ ಪರ್ಚೇಸ್ ಟ್ಯಾಕ್ಸ್ ಬೀಳುತ್ತಿತ್ತು, ಬಿಡಿಬಿಡಿಯಾಗಿ ಕೊಂಡರೆ ಇಲ್ಲ. 1957ರ ಲೋಟಸ್ ಸೆವೆನ್ ಕಾರು ಇದೇ ಸಂದಿಯಲ್ಲಿ ನುಗ್ಗಿತು. ಜೋಡಿಸುವ ಕ್ರಮ ಬರೆದು ಕೊಟ್ಟರೆ ತೆರಿಗೆಯವರು ಬಿಡುವುದಿಲ್ಲ ಅಂತ, ಬಿಚ್ಚುವ ಕ್ರಮ ಬರೆದು ಕೊಡುತ್ತಿದ್ದರಂತೆ. ಕೊಂಡವರು ಅದನ್ನು ಹಿಂದಿನಿಂದ ಮುಂದಕ್ಕೆ ಓದಿಕೊಂಡು ಜೋಡಿಸುವುದು! 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಹಾಗಾಗಿ ಕಿಟ್ ಅಂದರೆ ‘ಕಟ್ಟು’ ಅಲ್ಲ. ಕಟ್ಟು ಅಂದರೆ ಕಟ್ಟಿ ಆದದ್ದು, ಇಲ್ಲವೇ ಸೊಪ್ಪಿನ ಕಟ್ಟು. ಇದು ಬಿಡಿ. ‘ಬಿಡಿಕಾರು’ ಅನ್ನಿ.

ಶಿವಮೊಗ್ಗದಿಂದ:

ಬಿಡಿಕಾರು ಒಪ್ಪಿದೆ. ಉಳಿದದ್ದು ಉಪನ್ಯಾಸ.

ಉಡುಪಿಯಿಂದ:

ಎಲ್ಲರೂ ರೆಪ್ಲಿಕಾ ಹಿಡಿದು ಜಗ್ಗಾಡುತ್ತಿದ್ದೀರಿ. ‘ಕೋಬ್ರಾ’ದ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಅದು ಪೋರ್ಚುಗೀಸರದು. ಹೆಡೆ ಇರುವ ಹಾವು ಅನ್ನೋದಕ್ಕೆ ಅವರು ಇಟ್ಟ ಉದ್ದ ಹೆಸರಿನಲ್ಲಿ ಇಂಗ್ಲಿಷಿನವರು ಹೆಡೆ ಬಿಟ್ಟು ಹಾವು ಮಾತ್ರ ಉಳಿಸಿಕೊಂಡರು. ಪೋರ್ಚುಗೀಸಿನಲ್ಲಿ ಕೋಬ್ರಾ ಅಂದರೆ ಯಾವ ಹಾವಾದರೂ ಸರಿ, ಕೇರೆಹಾವೂ ನಡೆಯುತ್ತೆ. ನಮ್ಮ ನೆಲದ ಪ್ರಾಣಿಗೆ ಅವರು ಹೆಸರಿಟ್ಟು, ಅದು ಅಮೆರಿಕಕ್ಕೆ ಹೋಗಿ ಕಾರಾಗಿ, ಈಗ ಕನ್ನಡ ರಾಜ್ಯೋತ್ಸವಕ್ಕೆ ಬಂದು ನಿಂತಿದೆ.

‘ಕಾರು’ ಅಂದರೆ ಕನ್ನಡದಲ್ಲಿ ಕಕ್ಕು ಅಂತಲೂ ಅರ್ಥ. ನಾಗರಹಾವು ಕಾರಿದರೆ ವಿಷ. ಈ ಶ್ಲೇಷೆ ಬಿಟ್ಟರೆ ನೀವು ಕನ್ನಡಿಗರೇ ಅಲ್ಲ.

ಧಾರವಾಡದಿಂದ:

ಬೇಡ. ಅಂಕಿತನಾಮ ಮುಟ್ಟಬಾರದು.

ಸ್ಯಾನ್ ಹೊಸೆಯಿಂದ:

ನಾನು ಸಮಿತಿಯಲ್ಲಿದ್ದೇನೆ. ಪೂರ್ತಿ ಕನ್ನಡದಲ್ಲಿರಬೇಕು ಅಂದಿದ್ದು ಲಿಪಿಯ ವಿಷಯ. ರೆಪ್ಲಿಕಾ ಅಂತ ಕನ್ನಡ ಅಕ್ಷರದಲ್ಲಿ ಬರೆದರೆ ಯಾರೂ ಆಚೆ ಹಾಕಲ್ಲ. ಸುಮ್ನೆ ತಲೆ ಕೆಡಿಸಿಕೊಂಡಿದ್ದೀರಿ. ನಮ್ಮ ಮಕ್ಕಳು ಅಕ್ಷರ ಕೂಡಿಸಿಕೊಂಡು ಓದುವವರು. ‘ಪಡಿಯಚ್ಚು’ ಓದಿ ಅದೇನು ಅಂತ ನನ್ನ ಹತ್ತಿರ ಬರುತ್ತಾರೆ, ಆಗ ನಾನು ರೆಪ್ಲಿಕಾ ಅಂತ ಹೇಳಬೇಕು. ಬಸ್ಸು, ಲಾರಿ, ಬ್ರೇಕು, ಪಂಕ್ಚರು ನಮ್ಮವೇ ಆಗಿವೆ. ಇದೊಂದು ಆದರೆ ಆಕಾಶ ಬೀಳುತ್ತಾ?

ಶಿವಮೊಗ್ಗದಿಂದ:

ಬಸ್ಸು ಬಂದಾಗ ನಮ್ಮಲ್ಲಿ ಬಸ್ಸು ಇರಲಿಲ್ಲ. ಪಡಿಯಚ್ಚು ಮೊದಲೇ ಇತ್ತು. ಇಲ್ಲದ್ದನ್ನು ಕಡ ತರುವುದು ಬೇರೆ, ಮನೆಯಲ್ಲಿ ಇರುವುದನ್ನು ಅಟ್ಟಕ್ಕೆ ಹಾಕಿ ಕಡ ತರುವುದು ಬೇರೆ. ಮಕ್ಕಳು ಬಂದು ಕೇಳುತ್ತಾರೆ ಅಂದರೆ ಒಳ್ಳೆಯದೇ ಆಯಿತಲ್ಲ? ಅವರು ಕೇಳಲಿ ಅಂತ ತಾನೇ ಬೋರ್ಡ್ ಹಾಕುವುದು?

ಸ್ಯಾನ್ ಹೊಸೆಯಿಂದ:

ಬೋರ್ಡ್ ಹಾಕುವುದು ಕಾರಿನ ಬಗ್ಗೆ ತಿಳಿಸೋಕೆ. ಕನ್ನಡ ಪಾಠ ಭಾನುವಾರ ಬೆಳಿಗ್ಗೆ ಇದೆ, ಬೇರೆ ರೂಮಿನಲ್ಲಿ.

ಫ್ರೀಮಾಂಟ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ಬುಧವಾರ ರಾತ್ರಿ ಆಗಿದೆ, ತೀರ್ಮಾನಕ್ಕೆ ಬರಲೇಬೇಕು.

ಜೆ.ಸಿ. ರಸ್ತೆಯವರು ಎತ್ತಿ ತೋರಿಸಿದ ‘ಕಟ್ಟಿದ್ದು’ ನನಗೆ ಹಿಡಿಸಿತು. ಇಲ್ಲಿನ ಸರ್ಕಾರದವರೂ ಅದನ್ನೇ ಹೇಳುತ್ತಾರೆ. ನನ್ನ ರಿಜಿಸ್ಟ್ರೇಷನ್ ಕಾಗದದಲ್ಲಿ ‘ರೆಪ್ಲಿಕಾ’ ಅನ್ನುವ ಮಾತೇ ಇಲ್ಲ. ‘ವಿಶೇಷವಾಗಿ ಕಟ್ಟಿದ ವಾಹನ’ ಅಂತ ಇದೆ. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಇಂಥ 500 ಗಾಡಿಗಳಿಗೆ ಮಾತ್ರ ವರ್ಷಕ್ಕೆ ಒಂದು ರಿಯಾಯಿತಿ ಸಿಗುತ್ತದೆ. ಯಾವ ಕಾಲದ ಕಾರಿನ ಆಕಾರ ಇದೆಯೋ ಆ ಕಾಲದ ಹೊಗೆ ನಿಯಮ ಸಾಕು. ನಮ್ಮದು ನೋಡೋಕೆ 1965ರದು, ಹಾಗಾಗಿ 1965ರ ನಿಯಮ. ಬೋರ್ಡ್‌ನಲ್ಲಿ ವರ್ಷ ಯಾಕೆ ಇರಬೇಕು ಅಂದರೆ ಇದಕ್ಕೇ.

ಡೋನರ್‌ಗೆ ‘ಬಿಚ್ಚಿದ ಗಾಡಿ’. ಬಾಡಿ ಇಲ್ಲದ ಫೋಟೋ ಕೆಳಗೆ ‘ಮೈ ಇಲ್ಲದೆ ಮೊದಲ ಓಟ’. ಇದು ಮಗಳು ಹೇಳಿದ್ದು, ನಾನು ತಿದ್ದಿಲ್ಲ. ಬೋರ್ಡ್ ಹೀಗಿದೆ:

‘ಮನೆಯಲ್ಲೇ ಕಟ್ಟಿದ ಕಾರು. 1965ರ ಕೋಬ್ರಾ 427ರ ಪ್ರತಿರೂಪ. ಎಂಜಿನ್: ಫೋರ್ಡ್ ಮಸ್ಟಾಂಗಿನದು.’

ಧಾರವಾಡದಿಂದ:

ಸರಿಯಾಗಿದೆ. ಪ್ರಿಂಟಿಗೆ ಕಳಿಸಿ.

ಶಿವಮೊಗ್ಗದಿಂದ:

‘ಮನೆಯಲ್ಲೇ ಕಟ್ಟಿದ ಕಾರು’ ಅಂದರೆ ಎಮ್ಮೆ ಕಟ್ಟಿದ ಹಾಗೆ ಹಗ್ಗ ಹಾಕಿ ಕಟ್ಟಿದ್ದೂ ಆಗುತ್ತದೆ. ‘ನಾವೇ ಕಟ್ಟಿದ’ ಅಂತ ಮಾಡಿ. ಪ್ರತಿರೂಪದ ಬಗ್ಗೆ ನನ್ನ ಅಸಮ್ಮತಿ ದಾಖಲಾಗಲಿ.

ಬೆಂಗಳೂರು, ಜೆ.ಸಿ. ರಸ್ತೆಯಿಂದ:

ಸರ್, ಎಂಜಿನ್ ಎಷ್ಟು ಘನ ಇಂಚಿನದು, 302ಆ, 351ಆ? ಕಾರ್ಬೊರೇಟರಾ, ಇಂಜೆಕ್ಷನ್ನಾ?

ಫ್ರೀಮಾಂಟ್‌ನಿಂದ:

302. ಇಂಜೆಕ್ಷನ್ ತೆಗೆದು ಕಾರ್ಬೊರೇಟರ್ ಕೂರಿಸಿದ್ದೇವೆ. ‘ನಾವೇ ಕಟ್ಟಿದ’ ಅಂತ ತಿದ್ದಿ ಕಳಿಸಿಯಾಯಿತು. ಇನ್ನು ತಿದ್ದೋಕೆ ಆಗಲ್ಲ.

ಉಡುಪಿಯಿಂದ:

ಹಾಗಾದರೆ ವಿಷ ಕಾರೋದು ಬೋರ್ಡ್‌ನಲ್ಲಿ ಇಲ್ವಾ?